ನಮ್ಮ ಮನೆಯ ಇಂಗ್ಲಿಷ್ ಸಂಭಾಷಣೆ

ಇಂಗ್ಲಿಷಿನಲ್ಲಿ ನಾನು ಸುಳ್ಳು ಹೇಳಿದ್ದು ಬಹಳ ಕಡಿಮೆ. ಇದನ್ನು ಓದಿ ನನ್ನ ಸತ್ಯನಿಷ್ಠೆಯ ಬಗ್ಗೆ ಯಾರೂ ಗೌರವ ತಾಳಬೇಕಾಗಿಲ್ಲ. ಸುಳ್ಳು ಹೇಳುವುದಕ್ಕೆ ಭಾಷೆ ಚೆನ್ನಾಗಿ ಬರಬೇಕು. ‘ಹಾಗೇನೂ ಅಲ್ಲ’, ‘ಒಂದು ರೀತಿಯಲ್ಲಿ ನೋಡಿದರೆ’, ‘ನಾನು ಹೇಳಿದ್ದರ ಅರ್ಥ ಅದಲ್ಲ’ ಇಂಥ ಮಾತುಗಳೆಲ್ಲ ಹೊತ್ತಿಗೆ ಸರಿಯಾಗಿ ನಾಲಗೆಯ ತುದಿಗೆ ಬಂದು ನಿಲ್ಲಬೇಕು. ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಹೌದು ಎನ್ನಬಹುದಿತ್ತು, ಇಲ್ಲ ಎನ್ನಬಹುದಿತ್ತು, ಮಧ್ಯದ ಜಾಗದಲ್ಲಿ ಓಡಾಡುವುದಕ್ಕೆ ಶಬ್ದಗಳಿರಲಿಲ್ಲ. ಕನ್ನಡದ ವಿಷಯ ಬೇರೆ. ಅದರಲ್ಲಿ ನಾನು ಮಾತು ಕಲಿತಂದಿನಿಂದ ಅಭ್ಯಾಸ ಮಾಡಿದವನು. ಹೆಡ್ಮಾಸ್ತರರ ಹತ್ತಿರ, ನೆಂಟರ ಹತ್ತಿರ, ಮಾವನವರ ಹತ್ತಿರ, ಕೊನೆಗೆ ಒಬ್ಬನೇ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆಯುವಾಗಲೂ ಕನ್ನಡದಲ್ಲಿ ನನ್ನ ಕೈ ನಡುಗಿದ್ದಿಲ್ಲ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಗಂಡನಾದವನು ಹೆಂಡತಿಯನ್ನು ‘ನೀನು ಸುಖವಾಗಿದ್ದೀಯಾ?’ ಎಂದು ಕೇಳುವ ವಾಡಿಕೆಯಿಲ್ಲ. ‘ಚೆನ್ನಾಗಿದ್ದೀರಾ?’ ಎನ್ನುವುದು ಬಸ್ಸು ಹತ್ತುವವರನ್ನು ಇಳಿಯುವವರು ಕೇಳುವ ಮಾತು. ಉತ್ತರ ಬರುವುದರೊಳಗೆ ಬಸ್ಸು ಹೊರಟಿರುತ್ತದೆ. ತವರಿಗೆ ಬಂದ ಮಗಳನ್ನು ತಾಯಿ ಹಿತ್ತಲ ಬಾಗಿಲ ಹತ್ತಿರ ನಿಲ್ಲಿಸಿಕೊಂಡು ಕೇಳುವುದುಂಟು, ಆದರೆ ಆ ತಾಯಿಗೆ ಬೇಕಾಗಿರುವುದು ಒಂದೇ ಉತ್ತರ, ಮಗಳು ಅದನ್ನೇ ಕೊಟ್ಟು ಸೊಪ್ಪು ಬಿಡಿಸಲು ಕೂರುತ್ತಾಳೆ. ನಾನೂ ಮದುವೆಯಾಗಿ ಹನ್ನೊಂದು ವರ್ಷ ಈ ಪ್ರಶ್ನೆಯ ಗೊಡವೆಗೆ ಹೋಗದೆ ಸಂಸಾರ ಮಾಡಿದ್ದೆ. ಹಾಗೆಯೇ ಇನ್ನೂ ಮೂವತ್ತು ವರ್ಷ ಮಾಡುತ್ತಿದ್ದೆ. ಆದರೆ ನನಗೆ ಬಡ್ತಿಯ ಆಸೆ ಹುಟ್ಟಿತು.

ಆಗ ನಾನು ಸೊರಬದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಹೊಸ ರಾಜ್ಯವಾಗಿ ಎರಡು ಮೂರು ವರ್ಷವಾಗಿತ್ತು. ಹೈಸ್ಕೂಲುಗಳು ಹೆಚ್ಚುತ್ತಿದ್ದವು, ಅವಕ್ಕೆ ಮೇಷ್ಟರುಗಳು ಬೇಕಾಗಿದ್ದರು. ನಮ್ಮಂಥವರನ್ನು ಮೇಲೆ ತೆಗೆದುಕೊಳ್ಳಬೇಕಾದರೆ ಇಂಗ್ಲಿಷಿನಲ್ಲಿ ಮಾತಾಡುವ ಪರೀಕ್ಷೆಯೊಂದನ್ನು ಪಾಸು ಮಾಡಬೇಕೆಂದು ಮೇಲಿನಿಂದ ಕಾಗದ ಬಂತು. ಓದುವುದು ಬರೆಯುವುದು ನನಗೆ ತಕ್ಕಮಟ್ಟಿಗೆ ಬರುತ್ತಿತ್ತು. ಬಾಯಿಬಿಟ್ಟು ಮಾತಾಡುವುದು ಮಾತ್ರ ನನ್ನ ವಂಶದಲ್ಲೇ ಯಾರೂ ಮಾಡಿದ್ದಲ್ಲ. ಶಿಕಾರಿಪುರದಲ್ಲಿ ನರಹರಿರಾಯರೆಂಬ ನಿವೃತ್ತ ಹೆಡ್ಮಾಸ್ತರರು ಭಾನುವಾರಗಳಂದು ತಮ್ಮ ಮನೆಯ ಜಗಲಿಯಲ್ಲಿ ಇಂಗ್ಲಿಷ್ ಸಂಭಾಷಣೆಯ ಕ್ಲಾಸು ನಡೆಸುತ್ತಾರೆಂದು ತಿಳಿದು ಸೇರಿಕೊಂಡೆ. ಬೆಳಗಿನ ಬಸ್ಸು ಹಿಡಿದು, ಶಿರಾಳಕೊಪ್ಪದಲ್ಲಿ ಡ್ರೈವರು ಚಾ ಕುಡಿದು ಮುಗಿಸುವವರೆಗೆ ಕಿಟಕಿಯಿಂದ ಅವನ ಲೋಟವನ್ನೇ ನೋಡುತ್ತ ಕೂತು, ಮೈತುಂಬ ಧೂಳು ಹೊತ್ತು ಶಿಕಾರಿಪುರ ತಲುಪುತ್ತಿದ್ದೆ.

ನರಹರಿರಾಯರು ಭಾನುವಾರವೂ ಮುಚ್ಚುಕೋಟು ತೊಟ್ಟು ರುಮಾಲು ಸುತ್ತಿಯೇ ಕೂರುವ ಮನುಷ್ಯ. ಹವೆ ಹೇಗಿದೆ, ಸಂತೆಗೆ ದಾರಿ ಯಾವುದು, ಗಂಟೆ ಎಷ್ಟಾಯಿತು, ಇಂಥ ಸಂಭಾಷಣೆಗಳು ಅವರಿಗೆ ಸೇರುತ್ತಿರಲಿಲ್ಲ. ಮೀಸೆ ಬಂದವರು ಮೀಸೆ ಬಂದವರ ವಿಷಯ ಮಾತಾಡಬೇಕು ಎನ್ನುತ್ತಿದ್ದರು. ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಮೂರು ತಲೆಬರಹ ಹಾಕಿ ಅವುಗಳ ಕೆಳಗೆ ಪ್ರಶ್ನೆ ಬರೆದಿಟ್ಟಿದ್ದರು. ಒಂದು, ಹ್ಯಾಪಿನೆಸ್. ಎರಡು, ಸೆಲ್ಫ್ ವರ್ತ್; ಎಂದರೆ ಮನುಷ್ಯ ತನಗೆ ತಾನೇ ಕಟ್ಟಿಕೊಳ್ಳುವ ಬೆಲೆ. ಮೂರು, ಚಾಯ್ಸ್, ಬದುಕಿನಲ್ಲಿ ನಾವಾಗಿ ಆರಿಸಿಕೊಂಡದ್ದು. ನಾವು ಏಳೆಂಟು ಜನ ಮೇಷ್ಟರುಗಳು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಈ ಮೂರನ್ನೂ ಸರದಿಯ ಮೇಲೆ ಇಂಗ್ಲಿಷಿನಲ್ಲಿ ಎದುರಿಸುತ್ತಿದ್ದೆವು.

ಎರಡನೆಯ ವಿಷಯದ ದಿನ ರಾಯರು ಅಂಜನಾಪುರದ ಕಡೆಯ ಚನ್ನಬಸಪ್ಪನವರನ್ನು ಎಬ್ಬಿಸಿ ‘ವಾಟ್ ಈಸ್ ಯುವರ್ ವರ್ತ್?’ ಎಂದು ಕೇಳಿದರು. ಚನ್ನಬಸಪ್ಪನವರು ನನ್ನ ಪಕ್ಕ ಕೂರುವವರು, ನೇರ ಮನುಷ್ಯ. ಒಂದು ಗಳಿಗೆ ಯೋಚಿಸಿ, ‘ಟೂ ಏಕರ್ಸ್ ಸರ್, ಬಿಲೋ ಕೆನಾಲ್’ ಎಂದರು. ಚಾನಲ್ಲಿನ ಕೆಳಗಿನ ಎರಡು ಎಕರೆ ತರಿ ಜಮೀನು. ಅದರ ಖಾತೆ ಇನ್ನೂ ಅಣ್ಣನ ಹೆಸರಿನಲ್ಲೇ ಇದೆ ಎನ್ನುವುದನ್ನೂ ಸೇರಿಸಬೇಕೆಂದು ಅವರಿಗಿತ್ತು. ಅಷ್ಟು ಇಂಗ್ಲಿಷ್ ಒದಗದೆ ‘ಬಟ್ ಬ್ರದರ್ ಸರ್’ ಎಂದು ಹೇಳಿ ಕೂತುಬಿಟ್ಟರು. ನಾವು ನಕ್ಕೆವು. ರಾಯರು ನಗಲಿಲ್ಲ. ಜಮೀನು, ಅಣ್ಣ ಎರಡನ್ನೂ ತೆಗೆದುಹಾಕಿದರೆ ಮಿಕ್ಕುವುದೇನು, ಅದನ್ನು ಹೇಳಿ ಎಂದರು. ಚನ್ನಬಸಪ್ಪನವರು ಆ ವಾರ ಪೂರ್ತಿ ಯೋಚಿಸಿದರಂತೆ. ಮುಂದಿನ ಭಾನುವಾರ ನನ್ನ ಕಿವಿಯಲ್ಲಿ, ‘ಏನೂ ಮಿಕ್ಕಲಿಲ್ರಿ’ ಎಂದು ಬೇಜಾರಿನಿಂದ ಹೇಳಿದರು.

ನನ್ನ ಸರದಿ ಬಂದಾಗ ರಾಯರು ‘ಆರ್ ಯೂ ಹ್ಯಾಪಿ?’ ಎಂದರು. ‘ಯೆಸ್ ಸರ್’ ಎಂದೆ. ‘ವೈ?’ ಎಂದರು. ಸುಖವಾಗಿದ್ದೇನೆ ಎಂದ ಮೇಲೂ ಯಾಕೆ ಎಂದು ಕೇಳುವವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಕನ್ನಡದಲ್ಲೂ ನನಗೆ ಉತ್ತರ ಹೊಳೆಯಲಿಲ್ಲ, ಇನ್ನು ತರ್ಜುಮೆ ಯಾವುದನ್ನು ಮಾಡಲಿ? ರಾಯರು ನನ್ನ ಸಂಕಟವನ್ನು ಅಭ್ಯಾಸದ ಕೊರತೆಯೆಂದು ತಿಳಿದು, ವಾರಕ್ಕೊಂದು ದಿನ ಮಾತಾಡಿದರೆ ಭಾಷೆ ಬರುವುದಿಲ್ಲ, ಮನೆಯಲ್ಲಿ ಯಾರನ್ನಾದರೂ ಜೊತೆಗಿಟ್ಟುಕೊಂಡು ದಿನಾ ಈ ಪ್ರಶ್ನೆಗಳನ್ನು ಕೇಳಿ, ಉತ್ತರ ಹೇಳಿಸಿ ಎಂದು ಅಪ್ಪಣೆ ಮಾಡಿದರು.

ನಮ್ಮ ಮನೆಯಲ್ಲಿದ್ದವರು ನನ್ನ ತಾಯಿ, ಹೆಂಡತಿ ಗಿರಿಜಾ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಗಿರಿಜಾ ಹೊಸಬಾಳೆಯವಳು. ಸೊರಬದಲ್ಲಿ ನೆಂಟರ ಮನೆಯಲ್ಲಿದ್ದು ಕನ್ನಡ ಲೋಯರ್ ಸೆಕೆಂಡರಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದವಳು. ಅದೇ ಪರೀಕ್ಷೆಯನ್ನು ನಾನು ಎರಡನೆಯ ಸಲಕ್ಕೆ ಪಾಸು ಮಾಡಿದ್ದೆ ಎನ್ನುವುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಅವಳಿಗೆ ಅಕ್ಷರ ಗೊತ್ತಿತ್ತು, ಹತ್ತಿಪ್ಪತ್ತು ಶಬ್ದ ಗೊತ್ತಿತ್ತು. ನನಗೆ ಬೇಕಾಗಿದ್ದದ್ದು ಕೇಳಿದ್ದಕ್ಕೆ ಉತ್ತರ ಹೇಳುವ ಒಂದು ಬಾಯಿ. ಕನ್ನಡ ಅಕ್ಷರದಲ್ಲಿ ಉತ್ತರಗಳನ್ನು ಬರೆದುಕೊಟ್ಟು ಬಾಯಿಪಾಠ ಮಾಡೆಂದೆ. ‘ನನ್ನಿಂದ ಎಂತ ಆಗ್ತದೆ ರೀ’ ಎಂದಳು. ಆದರೆ ಚೀಟಿ ತೆಗೆದುಕೊಂಡಳು.

ದಿನಾ ಬೆಳಿಗ್ಗೆ ಅವಳು ಒಲೆಯ ಮುಂದೆ ಕೂತು ರೊಟ್ಟಿ ತಟ್ಟುವಾಗ ನಾನು ಮಣೆ ಹಾಕಿಕೊಂಡು ಎದುರಿಗೆ ಕೂರುತ್ತಿದ್ದೆ. ಅಮ್ಮ ಬಾಗಿಲ ಹತ್ತಿರ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತ ಇರುತ್ತಿದ್ದಳು. ‘ಆರ್ ಯೂ ಹ್ಯಾಪಿ?’ ಎನ್ನುತ್ತಿದ್ದೆ. ‘ಯೆಸ್, ಐ ಆಮ್ ಹ್ಯಾಪಿ’ ಎನ್ನುತ್ತಿದ್ದಳು. ಹೆಂಚಿನ ಮೇಲಿನ ರೊಟ್ಟಿ ಮಗುಚುತ್ತಿದ್ದಳು. ಹದಿನೈದು ದಿನ ನಮ್ಮ ಮನೆಯಲ್ಲಿ ಇಂಗ್ಲಿಷಿನಲ್ಲಿ ಪರಮ ಸುಖ ನೆಲೆಸಿತ್ತು. ಗಂಡ ಹೆಂಡತಿ ಎದುರುಬದುರು ಕೂತು ಮಾತಾಡುವುದನ್ನೇ ಸಹಿಸದ ಅಮ್ಮ, ಇದು ಸರ್ಕಾರದ ಕೆಲಸವೆಂದು ತಿಳಿದ ಮೇಲೆ ಸುಮ್ಮನಾದಳು. ಸೊಸೆಗೆ ಇಂಗ್ಲಿಷ್ ಬರುತ್ತದೆಂದು ಪಕ್ಕದ ಮನೆಯಲ್ಲಿ ಹೇಳಿಕೊಂಡು ಬಂದದ್ದೂ ಉಂಟು.

ಮೂರನೆಯ ವಾರ ‘ನಾಟ್’ ಬಂತು. ವಾಕ್ಯದ ನಡುವೆ ಅದನ್ನು ಎಲ್ಲಿ ಸೇರಿಸಬೇಕು, ಸೇರಿಸಿದರೆ ಹೌದು ಎನ್ನುವುದು ಹೇಗೆ ಇಲ್ಲವಾಗುತ್ತದೆ ಎಂದು ವಿವರಿಸಿದೆ. ಅವಳು ಕೈಯಲ್ಲಿ ಹಿಟ್ಟಿನ ಉಂಡೆ ಹಿಡಿದು ಕೇಳಿಸಿಕೊಂಡು, ‘ಹಂಗಾದ್ರೆ ಐ ಆಮ್ ನಾಟ್ ಹ್ಯಾಪಿ ಅಂತಲೂ ಹೇಳಬಹುದಲ್ಲ?’ ಎಂದಳು. ಹೇಳಬಹುದು, ವ್ಯಾಕರಣದಲ್ಲಿ ತಪ್ಪಿಲ್ಲ ಎಂದೆ. ಮರುದಿನ ನಾನು ಕೇಳಿದ ಪ್ರಶ್ನೆಗೆ ಅವಳು ‘ಐ ಆಮ್ ನಾಟ್ ಹ್ಯಾಪಿ’ ಎಂದು ಉತ್ತರ ಕೊಟ್ಟಳು. ಉಚ್ಚಾರಣೆ ಸೊಗಸಾಗಿತ್ತು. ಭೇಷ್ ಎಂದೆ. ಅದರ ಮರುದಿನವೂ ಹಾಗೆಯೇ ಹೇಳಿದಳು. ನಿಷೇಧಾರ್ಥಕ ವಾಕ್ಯಗಳನ್ನು ಎಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಿದ್ದಾಳೆ ಎಂದು ಒಂದು ವಾರ ಸಂತೋಷಪಟ್ಟೆ. ನನ್ನ ಬುದ್ಧಿ ಎಷ್ಟು ಚುರುಕು ಎನ್ನುವುದಕ್ಕೆ ಈ ಒಂದು ವಾರ ಸಾಕು.

ಆ ದಿನಗಳಲ್ಲೇ ನನ್ನ ಇಂಗ್ಲಿಷ್-ಕನ್ನಡ ನಿಘಂಟಿನ ಹಾಳೆಗಳ ಮೇಲೆ ಅಲ್ಲಲ್ಲಿ ಅರಿಸಿನದ ಬೆರಳು ಗುರುತು ಕಾಣತೊಡಗಿತು. ಮಕ್ಕಳ ಕೆಲಸವೆಂದು ಇಬ್ಬರನ್ನೂ ನಿಲ್ಲಿಸಿ ಬೈದೆ. ಅವು ಅಳುತ್ತ ತಾವಲ್ಲವೆಂದವು. ಅರಿಸಿನ ಯಾರ ಕೈಯಲ್ಲಿರುತ್ತದೆ ಎಂದು ಯೋಚಿಸುವ ತೊಂದರೆಯನ್ನು ನಾನು ತೆಗೆದುಕೊಳ್ಳಲಿಲ್ಲ.

ಪಾಠ ಮುಂದುವರಿಯಬೇಕಲ್ಲ, ಒಂದು ಬೆಳಿಗ್ಗೆ ರಾಯರು ನನಗೆ ಹಾಕಿದ್ದ ಎರಡನೆಯ ಪ್ರಶ್ನೆಯನ್ನೂ ಅವಳಿಗೆ ಹಾಕಿದೆ. ‘ವೈ?’ ಎಂದೆ. ಅದಕ್ಕೆ ನಾನು ಉತ್ತರ ಬರೆದುಕೊಟ್ಟಿರಲಿಲ್ಲ. ನನಗೇ ಗೊತ್ತಿಲ್ಲದ ಉತ್ತರವನ್ನು ಬರೆಯುವುದು ಹೇಗೆ? ಅವಳು ರೊಟ್ಟಿಯ ಕಡೆಗೇ ನೋಡುತ್ತ ‘ಐ ನೋ ಚಾಯ್ಸ್’ ಎಂದಳು. ನಾನು ತಿದ್ದಿದೆ. ಹ್ಯಾಡ್ ಎನ್ನುವುದು ಬೇಕು, ಆಗಿಹೋದ ಮಾತು, ಭೂತಕಾಲ, ‘ಐ ಹ್ಯಾಡ್ ನೋ ಚಾಯ್ಸ್’ ಎನ್ನಬೇಕು ಎಂದೆ. ಅವಳು ಮೂರು ಸಲ ಸರಿಯಾಗಿ ಹೇಳಿದಳು. ಅಮ್ಮ ಮೊರದಿಂದ ತಲೆಯೆತ್ತಿ, ‘ಎಂತ ಹೇಳ್ತಾಳೋ ಅವಳು?’ ಎಂದು ಕೇಳಿದಳು. ‘ಭೂತಕಾಲ ಅಮ್ಮ’ ಎಂದೆ. ಬೆಳಗಾಗೆದ್ದು ಭೂತದ ಮಾತು ಎಂತಕ್ಕೆ ಎಂದು ಗೊಣಗಿ ಅಮ್ಮ ಮತ್ತೆ ಕಲ್ಲು ಹೆಕ್ಕಲು ಬಗ್ಗಿದಳು.

ನನಗೆ ನಗು ಬಂತು. ಗಿರಿಜಾ ನಗಲಿಲ್ಲ. ಹೆಂಚು ಕೆಳಗಿಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಮೊದಲನೆಯ ಬಾರಿಗೆ ನನ್ನನ್ನು ನೇರವಾಗಿ ನೋಡಿ, ಒಂದೊಂದೇ ಶಬ್ದ ಹುಡುಕಿ ತೆಗೆದು ಹೇಳಿದಳು. ‘ಲೆಟರ್ ಕೇಮ್. ಯೂ ಸೆಡ್, ನೋ ಲೆಟರ್.’

ಈಗ ಆ ಲೆಟರಿನ ಕಥೆ ಹೇಳಬೇಕು. ಹೇಳದೆ ಮುಂದಕ್ಕೆ ಹೋಗುವ ಹಾಗಿದ್ದರೆ ಹೋಗುತ್ತಿದ್ದೆ.

ಮದುವೆಗೆ ಮುಂಚೆ ಗಿರಿಜಾ ಶಿವಮೊಗ್ಗದಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಿದ್ದಳು. ಮದುವೆಯಾಗಿ ಎರಡು ತಿಂಗಳಿಗೆ ಸೀಟು ಸಿಕ್ಕಿದೆಯೆಂಬ ಕಾಗದ ಹೊಸಬಾಳೆಗೆ ಬಂತು. ಮಾವನವರು ಅದನ್ನು ಪಂಚೆಯ ಮಡಿಕೆಯಲ್ಲಿಟ್ಟುಕೊಂಡು ಸ್ಕೂಲಿಗೇ ಬಂದು ನನ್ನ ಕೈಗೆ ಕೊಟ್ಟರು. ಮನೆಗೆ ಹೋಗಿ ಮಗಳ ಕೈಗೆ ಕೊಡುವುದು ಸರಿಯಲ್ಲವೆಂದು ಅವರಿಗನ್ನಿಸಿರಬೇಕು. ಬಹಳ ಮರ್ಯಾದೆಯ ಮನುಷ್ಯ. ನೀವು ಹೇಗೆ ಹೇಳುತ್ತೀರೋ ಹಾಗೆ ಎಂದು ಹೇಳಿ, ಒಂದು ಲೋಟ ನೀರು ಕುಡಿದು ಹೊರಟುಹೋದರು. ನಾನು ಮಧ್ಯಾಹ್ನದ ಬಿಡುವಿನಲ್ಲಿ ಪೋಸ್ಟಾಫೀಸಿಗೆ ಹೋಗಿ ಕಾರ್ಡು ಕೊಂಡು ‘ಅಭ್ಯರ್ಥಿಗೆ ಇಷ್ಟವಿಲ್ಲ’ ಎಂದು ಬರೆದು ಅಲ್ಲಿಯೇ ಡಬ್ಬಿಗೆ ಹಾಕಿದೆ. ಗಿರಿಜಾಳಿಗೆ ಕಾಗದವೇ ಬರಲಿಲ್ಲವಂತೆ ಎಂದೆ. ಮಾವನವರಿಗೆ ಅವಳಿಗೇ ಅಷ್ಟೇನೂ ಮನಸ್ಸಿಲ್ಲ ಎಂದು ಹೇಳಿ ಕಳಿಸಿದೆ. ಎರಡೂ ಅಪ್ಪಟ ಕನ್ನಡದಲ್ಲಿ.

ಯಾಕೆ ಹಾಗೆ ಮಾಡಿದೆ ಎಂದರೆ, ಅಮ್ಮನೊಬ್ಬಳೇ ಮನೆಯಲ್ಲಿ ಕಷ್ಟವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅಮ್ಮ ಆಗ ಎರಡು ಎಮ್ಮೆ ಕಟ್ಟಿ ಹಾಲು ಕರೆದು, ಹಿತ್ತಿಲಿಗೆ ಗುದ್ದಲಿ ಹಾಕಿ, ನಮಗೆಲ್ಲ ಬಡಿಸಿ, ಮಧ್ಯಾಹ್ನ ಯಾರದಾದರೂ ಬಾಣಂತನಕ್ಕೆ ಹೋಗಿ ಬರುವಷ್ಟು ಗಟ್ಟಿಯಾಗಿದ್ದಳು. ನಿಜವಾದ ಕಾರಣ ಸ್ಟಾಫ್ ರೂಮಿನದು. ಹೆಂಡತಿ ಮೇಡಂ ಆದ ಮೇಷ್ಟರೊಬ್ಬರನ್ನು ನಾವೆಲ್ಲ ಸೇರಿ ಹೇಗೆ ತಮಾಷೆ ಮಾಡುತ್ತಿದ್ದೆವು ಎನ್ನುವುದು ನನಗೆ ಗೊತ್ತಿತ್ತು. ತಮಾಷೆ ಮಾಡುವವರಲ್ಲಿ ನಾನೇ ಮುಂದು. ಅದಕ್ಕಿಂತ ಕೆಳಗೆ ಇನ್ನೂ ಒಂದು ಕಾರಣವಿತ್ತು. ಅವಳ ಫಸ್ಟ್ ಕ್ಲಾಸು. ಅವಳು ಟ್ರೈನಿಂಗ್ ಮುಗಿಸಿ ಬಂದರೆ ಸೊರಬದಲ್ಲಿ ನನಗಿಂತ ಚೆನ್ನಾಗಿ ಪಾಠ ಮಾಡುತ್ತಾಳೆ ಎನ್ನುವುದರಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ. ನರಹರಿರಾಯರು ನನ್ನನ್ನು ಎಬ್ಬಿಸಿ ನಿನ್ನ ವರ್ತ್ ಏನು ಎಂದು ಕೇಳಿದ್ದರೆ ಪ್ರಾಮಾಣಿಕವಾದ ಉತ್ತರ ಒಂದೇ ಇತ್ತು: ನನ್ನ ಮನೆಯಲ್ಲಿ ನನಗಿಂತ ಕಡಿಮೆಯಾಗಿ ಒಬ್ಬಳನ್ನು ಇಟ್ಟುಕೊಂಡಿದ್ದೇನೆ, ಅದರಿಂದ ನಾನು ಎತ್ತರವಾಗಿ ಕಾಣುತ್ತೇನೆ.

ಇಷ್ಟೆಲ್ಲ ಆ ಬೆಳಿಗ್ಗೆ ಒಲೆಯ ಮುಂದೆ ಒಂದೇ ಉಸಿರಿನಲ್ಲಿ ನನ್ನ ತಲೆಗೆ ಬಂತು. ಹನ್ನೊಂದು ವರ್ಷ ಮುಚ್ಚಿಟ್ಟ ವಿಷಯವನ್ನು ಹೆಂಡತಿ ಎದುರಿಗಿಟ್ಟಾಗ ಗಂಡಸಾದವನು ಏನು ಹೇಳಬೇಕು? ನಾನು ಹೇಳಿದ್ದು ಇದು: ‘ಲೆಟರಿಗೆ ಮುಂಚೆ ದಿ ಹಾಕಬೇಕು. ದಿ ಲೆಟರ್ ಕೇಮ್.’

ನಂಬುವುದಕ್ಕೆ ಕಷ್ಟವಾಗಬಹುದು. ನನ್ನ ಕೈಯಲ್ಲಿ ಇನ್ನೇನೂ ಇರಲಿಲ್ಲ. ಅವಳು ಎಳ್ಳಷ್ಟೂ ಸಿಟ್ಟಾಗದೆ ತಿದ್ದಿಕೊಂಡಳು. ‘ದಿ ಲೆಟರ್ ಕೇಮ್’ ಎಂದಳು. ಗ್ರಹಚಾರಕ್ಕೆ ಲೆಟರ್ ಎನ್ನುವುದು ಅಮ್ಮನಿಗೆ ಗೊತ್ತಿದ್ದ ಶಬ್ದ. ‘ಯಾರ ಲೆಟರ್ ಬಂತೋ?’ ಎಂದು ಬಾಗಿಲಿನಿಂದ ಕೇಳಿದಳು. ಯಾರದೂ ಇಲ್ಲ, ಪುಸ್ತಕದಲ್ಲಿ ಬರುವ ಲೆಟರ್ ಎಂದೆ. ಗಿರಿಜಾ ಅತ್ತೆಯ ಕಡೆ ಒಮ್ಮೆ ನೋಡಿ ಮತ್ತೆ ನನ್ನ ಕಡೆ ತಿರುಗಿದಳು. ಅತ್ತೆಯ ಎದುರಿಗೆ ಗಂಡನಿಗೆ ಒಂದು ಮಾತು ಎದುರಾಡದೆ ಹನ್ನೊಂದು ವರ್ಷ ಕಳೆದವಳಿಗೆ, ಅತ್ತೆ ಅಲ್ಲಿಯೇ ಕೂತಿರುವಾಗಲೇ ಎಲ್ಲವನ್ನೂ ಹೇಳಬಹುದಾದ ಒಂದು ಭಾಷೆಯನ್ನು ನಾನೇ ಕಲಿಸಿಕೊಟ್ಟಿದ್ದೆ. ಅವಳು ಹೇಳಿದಳು. ಮದುವೆಯಾದ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಅಪ್ಪ ಯಾಕೆ ಬೇಡವೆಂದೆ ಎಂದು ಕೇಳಿದರಂತೆ. ಆಗ ಅವಳಿಗೆ ಎಲ್ಲ ತಿಳಿಯಿತಂತೆ. ಅವಳಿಗೆ ಬರುತ್ತಿದ್ದ ನಾಲ್ಕಾರು ಶಬ್ದಗಳಲ್ಲಿ ಅದು ಹೀಗಿತ್ತು: ‘ಫಾದರ್ ಆಸ್ಕ್ಡ್. ಐ ಟೋಲ್ಡ್ ಲೈ. ಐ ಸೆಡ್, ಐ ಡೋಂಟ್ ವಾಂಟ್.’

ಅಂದರೆ ಅವಳು ಅಪ್ಪನ ಎದುರಿಗೆ ನನ್ನ ಮಾನ ಉಳಿಸಲು ಸುಳ್ಳು ಹೇಳಿದ್ದಳು. ಅದಾದ ಮೇಲೆ ಹನ್ನೊಂದು ವರ್ಷ ನನಗೆ ಊಟ ಬಡಿಸಿದ್ದಳು. ನಾನು ಮನೆಗೆ ತಂದ ಉತ್ತರಪತ್ರಿಕೆಗಳನ್ನು ತಿದ್ದುವಾಗ ಎದುರಿಗೆ ಕೂತು ದೀಪದ ಬತ್ತಿ ಏರಿಸಿದ್ದಳು. ನಾನು ಒಂದೆರಡು ಕಡೆ ತಪ್ಪಾಗಿ ಕೂಡಿದ್ದನ್ನು ಸಣ್ಣ ದನಿಯಲ್ಲಿ ಹೇಳಿ ತಿದ್ದಿಸಿದ್ದಳು. ಆದರೂ ಮೇಷ್ಟರ ಚಾಳಿ ಬಿಡಲಿಲ್ಲ. ‘ಟೋಲ್ಡ್ ಎ ಲೈ’ ಎಂದೆ, ‘ಎ ಬೇಕು.’

‘ಐ ಟೋಲ್ಡ್ ಎ ಲೈ’ ಎಂದಳು. ‘ಯೂ ಟೋಲ್ಡ್ ಎ ಲೈ’ ಎಂದಳು. ಎರಡರಲ್ಲೂ ತಪ್ಪಿರಲಿಲ್ಲ. ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ, ‘ಹೊತ್ತಾತು ರೀ, ಏಳಿ’ ಎಂದು ಕನ್ನಡದಲ್ಲಿ ಹೇಳಿ ಮಕ್ಕಳ ತಲೆ ಬಾಚಲು ಎದ್ದುಹೋದಳು. ಆ ದಿನ ಸ್ಕೂಲಿನಲ್ಲಿ ನಾನು ದಶಮಾಂಶದ ಲೆಕ್ಕವೊಂದನ್ನು ಹಲಗೆಯ ಮೇಲೆ ಎರಡು ಸಲ ತಪ್ಪು ಮಾಡಿದೆ. ಮರುದಿನ ಬೆಳಿಗ್ಗೆ ನಾನು ಮಣೆ ಹಾಕಿಕೊಳ್ಳಲಿಲ್ಲ. ತಲೆನೋವು ಎಂದೆ. ಅದರ ಮರುದಿನ ಸ್ಕೂಲಿನಲ್ಲಿ ಬೇಗ ಕೆಲಸವಿದೆ ಎಂದೆ. ಅವಳು ‘ಹೂಂ ರೀ’ ಎಂದಳು. ಮೂರನೆಯ ದಿನದಿಂದ ನಾನು ಏನೂ ಹೇಳಲಿಲ್ಲ, ಅವಳೂ ಏನೂ ಕೇಳಲಿಲ್ಲ. ಇಂಗ್ಲಿಷ್ ಸಂಭಾಷಣೆ ನಮ್ಮ ಮನೆಯಲ್ಲಿ ಹಾಗೆ ನಿಂತುಹೋಯಿತು. ಅಮ್ಮ ಮಾತ್ರ, ಪಾಠ ಯಾಕೆ ಬಿಟ್ಟಿರಿ, ಕೇಳಲಿಕ್ಕೆ ಚಂದ ಇತ್ತು ಎಂದಳು.

ಪರೀಕ್ಷೆ ಶಿಕಾರಿಪುರದಲ್ಲೇ ನಡೆಯಿತು. ಪರೀಕ್ಷಕರು ಹೊರಗಿನಿಂದ ಬಂದ ವಯಸ್ಸಾದವರೊಬ್ಬರು, ಕನ್ನಡಕದ ಮೇಲಿನಿಂದ ನೋಡುವವರು. ನನಗಿಂತ ಮುಂಚೆ ಒಳಗೆ ಹೋದ ಚನ್ನಬಸಪ್ಪನವರು ಬೆವರು ಒರೆಸಿಕೊಂಡು ಹೊರಗೆ ಬಂದು, ‘ಮೂರನೇ ವಿಷಯ ಕೇಳ್ತಾರ್ರೀ, ಚಾಯ್ಸು’ ಎಂದು ಹೇಳಿ ಹೋದರು. ಅದಕ್ಕೆ ನಾನು ತಯಾರಾಗಿದ್ದೆ. ಅಧ್ಯಾಪಕ ವೃತ್ತಿ ಪವಿತ್ರವಾದದ್ದು, ಬೇರೆ ದಾರಿಗಳಿದ್ದರೂ ನಾನಾಗಿಯೇ ಅದನ್ನು ಆರಿಸಿಕೊಂಡೆ ಎಂದು ಹನ್ನೆರಡು ವಾಕ್ಯ ಉರು ಹೊಡೆದಿದ್ದೆ. ಬೇರೆ ಯಾವ ದಾರಿಯೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಒಳಗೆ ಹೋಗಿ ಕೂತೆ. ನೀವು ಬದುಕಿನಲ್ಲಿ ಮಾಡಿದ ಒಂದು ಆಯ್ಕೆಯ ಬಗ್ಗೆ ಹೇಳಿ ಎಂದು ಅವರು ಇಂಗ್ಲಿಷಿನಲ್ಲಿ ಮೃದುವಾಗಿ ಕೇಳಿದರು. ನಾನು ಬಾಯಿ ತೆರೆದೆ. ಹನ್ನೆರಡು ವಾಕ್ಯಗಳಲ್ಲಿ ಒಂದೂ ಬರಲಿಲ್ಲ. ಬಂದದ್ದು ‘ದಿ ಲೆಟರ್ ಕೇಮ್’. ಪರೀಕ್ಷಕರು ತಲೆಯಾಡಿಸಿ ಮುಂದೆ ಹೇಳಿ ಎಂದರು. ‘ಐ ಸೆಡ್, ನೋ ಲೆಟರ್’ ಎಂದೆ. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲು ನನಗೆ ಇಂಗ್ಲಿಷ್ ಸಾಲಲಿಲ್ಲ. ಹೆಂಡತಿ ಫಸ್ಟ್ ಕ್ಲಾಸು, ನಾನು ಅಲ್ಲ. ನನಗೆ ಭಯವಾಯಿತು. ಅವಳ ತಂದೆ ಕೇಳಿದರು. ಅವಳು ಸುಳ್ಳು ಹೇಳಿದಳು. ನನಗಾಗಿ ಹೇಳಿದಳು. ಒಂದೊಂದೂ ಮೂರು ನಾಲ್ಕು ಶಬ್ದದ ವಾಕ್ಯ. ಅವರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ‘ಆ್ಯಂಡ್ ದೆನ್?’ ಎಂದರು. ‘ದೆನ್ ನಥಿಂಗ್ ಸರ್. ಇಲೆವೆನ್ ಇಯರ್ಸ್’ ಎಂದೆ.

ಅವರು ಮತ್ತೆ ಪೆನ್ನು ಕೈಗೆತ್ತಿಕೊಂಡು, ಬಹಳ ಒಳ್ಳೆಯ ಕಥೆ, ಸಣ್ಣ ಸಣ್ಣ ವಾಕ್ಯಗಳು, ಒಂದೂ ತಪ್ಪಿಲ್ಲ, ನೀವೇ ಕಟ್ಟಿದ್ದೋ ಎಂದು ಕೇಳಿದರು. ‘ಯೆಸ್ ಸರ್’ ಎಂದೆ. ಪಾಸಾದೆ. ಆ ತಂಡದಲ್ಲಿ ನನಗೇ ಹೆಚ್ಚು ನಂಬರು ಬಂದಿತ್ತು. ಹನ್ನೊಂದು ವರ್ಷ ಹೆಂಡತಿಗೆ ಹೇಳಬೇಕಾಗಿದ್ದ ಮಾತನ್ನು, ಮತ್ತೆಂದೂ ಕಣ್ಣಿಗೆ ಬೀಳದ ಒಬ್ಬ ಮನುಷ್ಯನಿಗೆ ಹೇಳಿ ಬಡ್ತಿ ತೆಗೆದುಕೊಂಡು ಮನೆಗೆ ಬಂದೆ. ಗಿರಿಜಾ ಕಾಲಿಗೆ ನೀರು ಕೊಟ್ಟು, ಏನು ಕೇಳಿದರು ಎಂದಳು. ಆಯ್ಕೆಯ ವಿಷಯ ಎಂದೆ. ನೀವೇನಂದಿರಿ ಎಂದಳು. ಅಧ್ಯಾಪಕ ವೃತ್ತಿ ಪವಿತ್ರವಾದದ್ದು ಅಂದೆ ಎಂದೆ. ಮನೆಯಲ್ಲಿ ನಾವು ಮತ್ತೆ ಕನ್ನಡಕ್ಕೆ ಬಂದಿದ್ದೆವು.

ನನಗೆ ಶಿಕಾರಿಪುರದ ಹೈಸ್ಕೂಲಿಗೇ ವರ್ಗವಾಯಿತು. ಬಾಡಿಗೆ ಮನೆ ಹಿಡಿದು ಎಲ್ಲರೂ ಅಲ್ಲಿಗೆ ಹೋದೆವು. ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಡಾಕ್ಟರ ಹೆಂಡತಿ ನಮ್ಮ ಮನೆಗೆ ಬಂದರು. ಊರಿನ ಹೆಂಗಸರೆಲ್ಲ ಸೇರಿ ಮಹಿಳಾ ಸಮಾಜ ಕಟ್ಟಿದ್ದೇವೆ, ಓದುಬರಹ ಬಾರದವರಿಗೆ ಮಧ್ಯಾಹ್ನ ಎರಡು ಗಂಟೆ ಪಾಠ ಹೇಳುವವರು ಬೇಕು, ನಿಮ್ಮ ಮನೆಯವರು ಓದಿದವರಂತೆ, ನೀವು ಒಪ್ಪಿದರೆ ಎಂದು ನನ್ನನ್ನು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು ಯೋಚಿಸಿ ಹೇಳುತ್ತೇವೆ ಎನ್ನುವಷ್ಟರಲ್ಲಿ ಒಳಗಿನಿಂದ ಗಿರಿಜಾಳ ದನಿ ಬಂತು. ‘ಬರ್ತೀನಿ. ನಾಳೆಯಿಂದಲೇ ಬರ್ತೀನಿ.’ ಅಮ್ಮ ನನ್ನ ಮುಖ ನೋಡಿದಳು. ನಾನು ಡಾಕ್ಟರ ಹೆಂಡತಿಗೆ ಇನ್ನೊಂದು ಲೋಟ ಮಜ್ಜಿಗೆ ತರಿಸಲೇ ಎಂದು ಕೇಳಿದೆ.

ಅವಳು ಹೋದಳು. ಎಲೆ ಮಾರುವವರು, ಹೆರಿಗೆ ಮಾಡಿಸುವವರು, ನನ್ನ ತಾಯಿಯ ವಯಸ್ಸಿನವರು ಎಲ್ಲ ಅವಳ ಎದುರಿಗೆ ಸ್ಲೇಟು ಹಿಡಿದು ಕೂರುತ್ತಿದ್ದರಂತೆ. ನಾನು ನೋಡಲು ಹೋಗಲಿಲ್ಲ. ಒಂದು ದಿನ ಆ ದಾರಿಯಲ್ಲಿ ಬರುವಾಗ ಕಿಟಕಿಯಿಂದ ಅವಳ ದನಿ ಕೇಳಿಸಿತು. ಮನೆಯಲ್ಲಿ ಕೇಳಿದ ದನಿಯಲ್ಲ. ಯಾರೋ ತಪ್ಪು ಬರೆದಿದ್ದರು, ಅವಳು ತಪ್ಪು ಎನ್ನದೆ ಇನ್ನೊಮ್ಮೆ ನೋಡಿ ಎನ್ನುತ್ತಿದ್ದಳು. ನಾನು ಹದಿನೆಂಟು ವರ್ಷ ಪಾಠ ಮಾಡಿದರೂ ಹಾಗೆ ಹೇಳುವುದನ್ನು ಕಲಿತಿರಲಿಲ್ಲ. ಗೋಡೆಯ ಪಕ್ಕ ಸ್ವಲ್ಪ ಹೊತ್ತು ನಿಂತಿದ್ದು, ಯಾರೋ ಪರಿಚಯದವರು ಬರುವುದು ಕಂಡು ಅಲ್ಲಿಂದ ಹೊರಟೆ.

ವರ್ಷ ತುಂಬಿದಾಗ ಮಹಿಳಾ ಸಮಾಜದವರು ವಾರ್ಷಿಕೋತ್ಸವ ಇಟ್ಟರು. ನನ್ನನ್ನೂ ಕರೆದು ವೇದಿಕೆಯ ಮೇಲೆ ಕೂರಿಸಿದರು. ಗಿರಿಜಾ ಕೆಳಗೆ ಚಾಪೆ ಹಾಸುವುದರಲ್ಲಿದ್ದಳು. ಅಧ್ಯಕ್ಷರು ಮಾತಾಡುತ್ತ, ಹೆಂಡತಿಯನ್ನು ಸಮಾಜದ ಸೇವೆಗೆ ಕಳಿಸಿಕೊಟ್ಟ ಇಂಥ ವಿಶಾಲ ಮನಸ್ಸಿನ ಯಜಮಾನರು ಊರಿಗೆ ಹತ್ತು ಮಂದಿ ಸಿಕ್ಕರೆ ದೇಶ ಉದ್ಧಾರವಾಗುತ್ತದೆ ಎಂದರು. ಜನ ಚಪ್ಪಾಳೆ ತಟ್ಟಿದರು. ನನಗೆ ಹಾರ ಹಾಕಿ ನಿಂಬೆಹಣ್ಣು ಕೊಟ್ಟರು. ಆ ಗಳಿಗೆಯಲ್ಲಿ ನಾನು ಎದ್ದು, ತಾಯಂದಿರೇ, ವಿಷಯ ಹಾಗಲ್ಲ ಎಂದು ಎರಡು ಮಾತು ಹೇಳಬಹುದಿತ್ತು. ಎದ್ದದ್ದಂತೂ ನಿಜ. ಸ್ತ್ರೀ ವಿದ್ಯಾಭ್ಯಾಸದ ಮಹತ್ವದ ಮೇಲೆ ಅರ್ಧ ಗಂಟೆ ಮಾತಾಡಿದೆ. ಬಹಳ ಚೆನ್ನಾಗಿ ಬಂತು. ಒಂದೆರಡು ಕಡೆ ನನ್ನ ಕಣ್ಣೇ ಒದ್ದೆಯಾಯಿತು.

ಸಭೆ ಮುಗಿದು ಕೆಳಗಿಳಿದಾಗ ತಾಲ್ಲೂಕು ಕಛೇರಿಯ ಗುಮಾಸ್ತನೊಬ್ಬ ನನ್ನ ಹತ್ತಿರ ಬಂದು ಕೈಮುಗಿದ. ಹೊಸದಾಗಿ ಮದುವೆಯಾದವನು. ‘ಸರ್, ನಮ್ಮ ಮನೆಯವರಿಗೆ ಟೀಚರ್ ಟ್ರೈನಿಂಗಿಗೆ ಆರ್ಡರ್ ಬಂದದ್ರಿ. ಕಳಿಸಬೇಕೋ ಬೇಡವೋ ಗೊತ್ತಾಗ್ತಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ಬೇಡ ಅಂತಾರೆ. ತಾವು ಹಿರಿಯರು, ತಾವೇ ಹೇಳಿ’ ಎಂದ.

ನನ್ನ ಎದೆ ತುಂಬಿ ಬಂತು. ಇದಕ್ಕಾಗಿಯೇ ಇಷ್ಟೆಲ್ಲ ನಡೆಯಿತೋ ಏನೋ ಎನ್ನಿಸಿತು. ಅವನ ಹೆಗಲ ಮೇಲೆ ಕೈಯಿಟ್ಟು, ‘ಯೋಚನೆ ಮಾಡಬೇಡಿ. ಕಳಿಸಿ’ ಎಂದೆ. ಅವನ ಮುಖ ಹಗುರವಾಯಿತು. ‘ತಾವು ಹೇಳಿದ ಮೇಲೆ ಮುಗೀತ್ರಿ ಸರ್’ ಎಂದು ಹೇಳಿ, ಬಾಗಿಲ ಹತ್ತಿರ ನಿಂತಿದ್ದ ಹೆಂಡತಿಯನ್ನು ಕೈಸನ್ನೆಯಿಂದ ಕರೆದ. ಅವಳು ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಒಳ್ಳೆಯದಾಗಲಿ ಎಂದೆ. ಇಬ್ಬರೂ ಹೊರಟುಹೋದರು.

ಮನೆಗೆ ಬರುವಾಗ ಗಿರಿಜಾಳೂ ನಾನೂ ಜೊತೆಯಾಗಿ ನಡೆಯುತ್ತಿದ್ದೆವು. ಇನ್ನೂ ಬಿಸಿಲಿತ್ತು. ನನ್ನ ಹಾರವನ್ನು ಅವಳು ಚೀಲದಲ್ಲಿಟ್ಟುಕೊಂಡಿದ್ದಳು. ಅವಳಿಗೆ ಆ ಗುಮಾಸ್ತನ ವಿಷಯ ಹೇಳಿದೆ. ಅವನು ಎಷ್ಟು ಗೊಂದಲದಲ್ಲಿದ್ದ, ನಾನು ಹೇಗೆ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿಕೊಟ್ಟೆ, ಅವನಿಗೆ ಎಷ್ಟು ಸಮಾಧಾನವಾಯಿತು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ನನಗೆ ಗೊತ್ತು, ಅದರೊಳಗೆ ಒಂದು ಕ್ಷಮಾಪಣೆಯನ್ನೂ ಸುತ್ತಿಟ್ಟಿದ್ದೆ. ಅವಳು ಅದನ್ನು ಬಿಚ್ಚಿಕೊಳ್ಳುತ್ತಾಳೆಂದು ಕಾದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

‘ಆ ಹುಡುಗಿ ಏನಂದಳು?’ ಎಂದು ಕೇಳಿದಳು.

ನಾನು ‘ಯಾವ ಹುಡುಗಿ?’ ಎಂದೆ.